ಒಂದೇ ಡಬ್ಬಿಯ ಮಾತ್ರೆ

ಅಶ್ವಥ್ ಮೊದಲ ಏಟು ಹಾಕಿದ್ದು ಕೈಯಲ್ಲಿದ್ದ ಲಾಳಿಯಿಂದಲೇ. ಹೆಂಡತಿ ರಂಜಿತಾಳ ಹುಬ್ಬು ಒಡೆದು, ಮಗ್ಗದ ಮೇಲಿದ್ದ ರೇಷ್ಮೆ ಸೀರೆಗೆ ರಕ್ತ ತೊಟ್ಟಿಕ್ಕಿತು. ಗೋಡೆಗೊರಗಿ ಕೂತಿದ್ದ ಅವಳ ಮಾವ ಗುರುಸ್ವಾಮಿ ನೋಡುತ್ತಿದ್ದ. ನೋಡುವುದಷ್ಟೇ ಅವನ ಕೈಲಾಗುತ್ತಿದ್ದದ್ದು. ಪಾರ್ಕಿನ್ಸನ್ ಕಾಯಿಲೆಯವನಿಗೆ ಮಧ್ಯಾಹ್ನದ ಮಾತ್ರೆ ತಪ್ಪಿತ್ತು. ಕೈಕಾಲು ಮರಗಟ್ಟಿ, ನಾಲಿಗೆಯೂ ಹೊರಳದಂತಾಗಿತ್ತು.

“ಅಪ್ಪನ ಮಾತ್ರೆ ಕದ್ದು ತಿಂತೀಯೇನೇ? ನೋಡಲ್ಲಿ, ಹೆಂಗೆ ಕಲ್ಲಾಗಿ ಕುಂತೈತೆ ಆ ಜೀವ!” ಅಶ್ವಥ್ ಡಬ್ಬಿ ಅಲ್ಲಾಡಿಸಿದ. ಅದರಲ್ಲಿ ಅರ್ಧರ್ಧ ಮುರಿದ ಮಾತ್ರೆಗಳಿದ್ದವು. ಬೆಳಿಗ್ಗೆಯೇ ಅವನ್ನು ಕಂಡಿದ್ದ ಮಹಾನುಭಾವ, ಕಳ್ಳಿಯನ್ನು ಹಿಡಿಯಲೆಂದು ಡಬ್ಬಿಯನ್ನು ತನ್ನ ಜೇಬಿಗೇ ಇಳಿಸಿಕೊಂಡಿದ್ದ. ಅಪ್ಪ ಕಲ್ಲಾದದ್ದು ಅದರಿಂದಲೇ ಎಂಬುದು ಅವನ ಬುದ್ಧಿಗೆ ಹೊಳೆಯಲಿಲ್ಲ.

ಮೊಳಕಾಲ್ಮೂರಿನ ಅಂಚಿನ ಸೀರೆಗೆ ಇಬ್ಬರು ಬೇಕು. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವವನೊಬ್ಬ, ಪಕ್ಕದಲ್ಲಿ ಕೂತು ಅಂಚಿನ ಲಾಳಿ ಎಸೆಯುವವರೊಬ್ಬರು. ಹೊತ್ತು ಇಳಿಯುತ್ತಿದ್ದಂತೆ ರಂಜಿತಾಳ ಕಾಲಿನ ಮೂಳೆಯೊಳಗೆ ಇರುವೆಗಳು ಹರಿದಾಡತೊಡಗುತ್ತಿದ್ದವು. ಎದ್ದು ನಡೆದಾಡಿದರಷ್ಟೇ ನೆಮ್ಮದಿ. ಅವಳು ಎದ್ದರೆ ಮಗ್ಗ ನಿಲ್ಲುತ್ತಿತ್ತು. ಮೂಗಿನ ತುದಿಯಲ್ಲೇ ಕೋಪವಿದ್ದ ಅಶ್ವಥ್ ಮೊದಲು ಸೋಮಾರಿತನವೆಂದ, ಆಮೇಲೆ ಗಾಳಿ ಹಿಡಿದಿದೆಯೆಂದು ಹೇಳಿ, ಬರೆ ಹಾಕುವ ಚಿಕ್ಕೀರಪ್ಪನನ್ನು ಕರೆಸಿ ಅವಳ ಮೀನಖಂಡ ಸುಡಿಸಿದ. ಗಾಯಗಳು ಮಾದವು, ಇರುವೆಗಳು ಹೋಗಲಿಲ್ಲ.

ಹೋದ ತಿಂಗಳು ರಂಜಿತಾ ಮಾವನನ್ನು ಚಳ್ಳಕೆರೆಯ ಆಸ್ಪತ್ರೆಗೆ ಕರೆದೊಯ್ದಾಗ, ಕೂರಲಾರದೆ ಅತ್ತಿತ್ತ ತಿರುಗುತ್ತಿದ್ದ ಅವಳನ್ನು ಡಾಕ್ಟರು ಗಮನಿಸಿದರು. ಕಾಲು ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು, ಕೊನೆಗೆ ಮುದುಕನ ಮಾತ್ರೆಯನ್ನೇ ಅವಳಿಗೂ ಬರೆದರು. ಗುರುಸ್ವಾಮಿ ಬಾಯಿಬಿಟ್ಟು ನೋಡಿದಾಗ ನಕ್ಕರು.

“ಮೆದುಳಲ್ಲಿ ಡೋಪಮೈನ್ ಅಂತ ಒಂದು ರಸ ಇರುತ್ತೆ ಯಜಮಾನ್ರೇ. ಕೈಕಾಲಿಗೆ ಅಪ್ಪಣೆ ಹೋಗೋಕೆ ಅದು ಬೇಕು. ನಿಮ್ಮಲ್ಲಿ ಅದು ಬತ್ತಿದೆ. ಇವರಲ್ಲಿ ಬತ್ತಿಲ್ಲ, ಸಂಜೆ ಹೊತ್ತು ಅದರ ಕೆಲಸ ಏರುಪೇರಾಗುತ್ತೆ. ಈ ಮಾತ್ರೆ ಆ ರಸ ಅಲ್ಲ. ಬಯಲಾಟದಲ್ಲಿ ರಾಜನ ವೇಷ ಹಾಕಿದವನ ಹಾಗೆ ಅದರ ಜಾಗದಲ್ಲಿ ಹೋಗಿ ಕೂರುತ್ತೆ, ಮೆದುಳು ನಂಬುತ್ತೆ. ನಿಮಗೆ ದಿನಕ್ಕೆ ಮೂರು, ಇವರಿಗೆ ಸಂಜೆ ಅರ್ಧ ಸಾಕು.”

ಬಸ್ಸಿನಲ್ಲಿ ಗುರುಸ್ವಾಮಿಯೇ ಹೇಳಿದ್ದ: “ನಿನ್ನ ಗಂಡಂಗೆ ಹೇಳ್ಬ್ಯಾಡ ಕಣಮ್ಮ, ರಂಪ ಮಾಡ್ತಾನೆ. ನಿನ್ನವೂ ನನ್ನ ಡಬ್ಬೀಲೇ ಇಟ್ಕೋ.”

ಈಗ ಆ ಮಾತು ಅವನ ಗಂಟಲಲ್ಲೇ ಸಿಕ್ಕಿಕೊಂಡಿತ್ತು.

“ಡಾಕ್ಟ್ರೇ ಕೊಟ್ಟಿದ್ದುರೀ, ಮಾವನ್ನ ಕೇಳ್ರಿ,” ಎಂದಳು ರಂಜಿತಾ.

“ನಡುಗೋ ಮುದುಕನ ಮಾತ್ರೆ ನಿನಗ್ಯಾಕೆ ಕೊಡ್ತಾರೆ?” ಅಶ್ವಥ್ ಹೊಟ್ಟೆಗೆ ಒದ್ದ. ಡಬ್ಬಿಯನ್ನು ಒಲೆಗೆ ಎಸೆದ. ಹೊರಚೆಲ್ಲಿದ ಒಂದು ಮಾತ್ರೆ ಮಗ್ಗದಡಿ ಉರುಳಿತು. ರಂಜಿತಾ ತೆವಳಿ ಹೋಗಿ ಅದನ್ನು ಹೆಕ್ಕಿ, ತಾನು ನುಂಗದೆ, ಮಾವನ ಬಾಯಿಗೆ ಹಾಕಿ ನೀರು ಹನಿಸಿದಳು. ಅಷ್ಟರಲ್ಲಿ ಗಂಡ ಜುಟ್ಟು ಹಿಡಿದೆಳೆದು, ಕಾಲೆರಡನ್ನೂ ಮಗ್ಗದ ಕಂಬಕ್ಕೆ ಬಿಗಿದು, ಚಿಕ್ಕೀರಪ್ಪನನ್ನು ಕರೆತರಲು ಹೋದ.

ಸಂಜೆಯಾಯಿತು. ಒಡೆದ ಹುಬ್ಬಿನ ಗೊಡವೆಯೇ ಅವಳಿಗಿರಲಿಲ್ಲ. “ಮಾವಾ, ಕಾಲು ಬಿಚ್ರಿ. ಬೇಕಾದ್ರೆ ಹೊಡೆದು ಸಾಯಿಸ್ಲಿ, ಕಾಲು ಮಾತ್ರ ಬಿಚ್ರಿ,” ಎಂದು ಗೋಳಿಟ್ಟಳು. ಕಂಬಕ್ಕೆ ಕಾಲು ಬಡಿದೂ ಬಡಿದೂ ಹಳೆಯ ಬರೆಗಳ ಚರ್ಮ ಕಿತ್ತು ರಕ್ತ ಬಂತು. ಹೆತ್ತ ಮಗನ ಮೇಲೆ ಅಷ್ಟು ದ್ವೇಷ ಹುಟ್ಟಬಹುದೆಂದು ಗುರುಸ್ವಾಮಿಗೇ ಗೊತ್ತಿರಲಿಲ್ಲ. ಬೇಗ ಮೈಗೇರು, ಬೇಗ ಏರು ಎಂದು ನುಂಗಿದ ಮಾತ್ರೆಯನ್ನೇ ಮನಸ್ಸಿನಲ್ಲಿ ಬೇಡಿಕೊಂಡ. ಬಹಳ ಹೊತ್ತಿನ ಮೇಲೆ ಹೆಬ್ಬೆರಳು ಅಲುಗಿತು. ಆಮೇಲೆ ತುಟಿ.

ಚಿಕ್ಕೀರಪ್ಪ ಬಂದು ಒಲೆ ಊದಿ ಕುಡುಗೋಲು ಕಾಯಿಸಿದ. ಅಶ್ವಥ್ ಅಪ್ಪನಿಗೆ ಬೆನ್ನು ಹಾಕಿ ಅವಳ ಮಂಡಿಯ ಮೇಲೆ ಕೂತ.

ಗುರುಸ್ವಾಮಿ ಗೋಡೆ ಹಿಡಿದು ಎದ್ದ. “ಮಾತ್ರೆ ನಾನೇ ಕೊಡ್ಸಿದ್ದು ಕಣೋ. ಬಿಡೋ ಅವಳ್ನ.”

“ಸುಮ್ಕೆ ಕುಂತ್ಕೋ ಅಪ್ಪ, ನಿಂಗೊತ್ತಾಗಲ್ಲ,” ಎಂದ ಅಶ್ವಥ್, ತಿರುಗಿಯೂ ನೋಡದೆ.

ಮುದುಕ ಚಿಕ್ಕೀರಪ್ಪನ ಕೈಯಿಂದ ಕುಡುಗೋಲು ಕಿತ್ತುಕೊಂಡ. ಒಂದು ಲೋಟ ನೀರನ್ನು ಚೆಲ್ಲದೆ ಎತ್ತಲಾರದಿದ್ದ ಕೈ ಆಗ ಒಂದಿಷ್ಟೂ ನಡುಗಲಿಲ್ಲ. ಕೆಂಪಗೆ ಕಾದ ಕಬ್ಬಿಣವನ್ನು ಮಗನ ಬೆನ್ನಿಗೆ ಒತ್ತಿ ಹಿಡಿದ. ಅಂಗಿ ಸುಟ್ಟು ಚರ್ಮ ಚುರುಗುಟ್ಟಿತು. ಅಶ್ವಥ್ ಅರಚಿಕೊಂಡು ಹೊರಳಿ ಮಗ್ಗದ ಗುಂಡಿಗೆ ಬಿದ್ದ. ಚಿಕ್ಕೀರಪ್ಪ ಕಾಲಿಗೆ ಬುದ್ಧಿ ಹೇಳಿದ.

“ಈಗ ಕೇಳಿಸ್ತೇನೋ ನನ್ನ ಮಾತು?” ಎಂದ ಗುರುಸ್ವಾಮಿ.

ಅದೇ ಕುಡುಗೋಲಿನಿಂದ ಹಗ್ಗ ಕೊಯ್ದ. ರಂಜಿತಾ ಎದ್ದವಳೇ ರಕ್ತದ ಕಾಲಲ್ಲಿ ಕೋಣೆಯುದ್ದಕ್ಕೂ ನಡೆದಾಡಿದಳು.

“ನಡೀಯಮ್ಮ, ಚಳ್ಳಕೆರೆ ಬಸ್ಸು ಐತೆ. ನಿಮ್ಮವ್ವನ ಮನೆಗೆ ಹೋಗಾನ.”

“ಬಸ್ನಾಗೆ ಕುಂದ್ರಾಕಾಗಲ್ಲ ಮಾವಾ.”

“ನಿಂತ್ಕೊಂಡೇ ಹೋಗಾನ. ನನ್ನ ಮೈ ತಿರ್ಗಾ ಮರಗಟ್ಟೋದ್ರೊಳ್ಗೆ ಈ ಮನೆ ಬಿಡ್ಬೇಕು.”

ಬಾಗಿಲಿಗೆ ಬಂದಾಗ ಗುಂಡಿಯಿಂದ ಮಗ ಕೂಗಿದ: “ಅಪ್ಪಾ, ಉರೀತೈತೆ... ಎತ್ತಪ್ಪಾ!”

ಹೊಸ್ತಿಲ ಬಳಿ ಗುರುಸ್ವಾಮಿಯ ಪಾದಗಳು ನೆಲಕ್ಕೆ ಅಂಟಿದವು. ಕಾಯಿಲೆಯೋ ಕರುಳೋ ಅವನಿಗೇ ತಿಳಿಯಲಿಲ್ಲ. ಒಂದು ಕ್ಷಣವೂ ನಿಲ್ಲಲಾರದ ರಂಜಿತಾ ಹೊರಗೆ ನಿಂತಲ್ಲೇ ಕಾಲು ಕುಟ್ಟುತ್ತಾ ಅವನ ಕೈ ಹಿಡಿದುಕೊಂಡಳು. ಎಳೆಯಲಿಲ್ಲ. ಅವಳ ಹುಬ್ಬಿನ ಮೇಲೆ ರಕ್ತ ಹೆಪ್ಪುಗಟ್ಟಿತ್ತು. ಗುರುಸ್ವಾಮಿ ಅದನ್ನು ನೋಡಿದ. ಮಗ ಮತ್ತೆ ಕೂಗಿದ. ಮುದುಕ ಬಲಗಾಲೆತ್ತಿ ಹೊಸ್ತಿಲ ಆಚೆ ಇಟ್ಟ.