ಖಾಲಿ ಮೇಡಂ

ಕತ್ತರಿಗೆ ಹಗ್ಗ ಬಗ್ಗಲಿಲ್ಲ. ಕುರ್ಚಿಯ ಮೇಲೆ ನಿಂತಿದ್ದ ಸಹಾಯಕಿ ಎರಡೂ ಕೈಯಿಂದ ಒತ್ತಿದಳು. ಹಗ್ಗ ಕಡಿದು, ಬೀದಿಬಾಗಿಲಿಗೆ ಈಗಷ್ಟೇ ಕಟ್ಟಿದ್ದ ಫ್ಲೆಕ್ಸು ಒಂದು ಕಡೆಗೆ ಜೋತುಬಿತ್ತು.

"ಏನಮ್ಮಾ, ತಲೆಗಿಲೆ ಕೆಟ್ಟಿದೆಯಾ?" ಎಂದ ತೀರಿಕೊಂಡವರ ತಮ್ಮ. "ಬೆಳಿಗ್ಗೆಯಿಂದ ಪ್ರೆಸ್ಸಲ್ಲಿ ಕಾದು ಮಾಡಿಸ್ಕೊಂಡು ಬಂದಿದ್ದೀನಿ."

ಮೋಡಗಳ ನಡುವೆ ಅಕ್ಕನ ಮುಖ, ಸುತ್ತ ಗುಲಾಬಿ, ಕೆಳಗೆ ನೆಂಟರಿಷ್ಟರ ಹೆಸರುಗಳ ಸಾಲು, ಮೂಲೆಯಲ್ಲಿ ತಮ್ಮನ ಪಾತ್ರೆ ಅಂಗಡಿಯ ಫೋನ್ ನಂಬರು. ಅಕ್ಷರಗಳಿಗೆ ಬಂಗಾರದ ಬಣ್ಣ, ಅದಕ್ಕೊಂದು ನೆರಳು. ಇಂಥದ್ದೆಲ್ಲ ತಾನು ಮಾಡುವುದಿಲ್ಲ ಎಂದು ಹೇಳುತ್ತಲೇ ಬದುಕು ಸವೆಸಿದ ಡಿಸೈನರ್ ಮೇಡಂ ಮಹಡಿಯಲ್ಲಿ, ಕೆಲಸದ ಕೋಣೆಯ ಹಿಂದಿನ ಮಂಚದ ಮೇಲೆ, ಬಿಳಿ ಹೊದಿಕೆಯಡಿ ಮಲಗಿದ್ದರು. ಹಿಂದಿನ ದಿನ ಮಧ್ಯಾಹ್ನದ ನಿದ್ದೆಯಲ್ಲೇ ಹೃದಯ ನಿಂತಿತ್ತು.

ತಮ್ಮನ ಕಣ್ಣುಗಳು ಊದಿಕೊಂಡಿದ್ದವು. ಅದು ಸಹಾಯಕಿಗೆ ಕಾಣದೆ ಇರಲಿಲ್ಲ.

"ಅಕ್ಕನ ಮೇಲೆ ಪ್ರೀತಿ ಇರೋದಕ್ಕೇ ಮಾಡಿಸಿದ್ದೀರಿ," ಎಂದಳು. "ಆದ್ರೆ ಇದು ಇಲ್ಲಿ ಬೇಡ."

ಈ ಆಫೀಸಿಗೆ ಸೇರಿದ ಮೇಲೆ ಅವಳು ಯಾರಿಗೂ 'ಬೇಡ' ಎಂದವಳಲ್ಲ. ಆ ಮಾತು ಮೇಡಂ ಪಾಲಿನದು. ಗಿರಾಕಿಗಳು ಏನು ಕೇಳಿದರೂ ಇವಳದು ಒಂದೇ ಉತ್ತರ: "ಮೇಡಂ ಹತ್ರ ಕೇಳಿ ಹೇಳ್ತೀನಿ."

ಅಷ್ಟರಲ್ಲಿ ಬಿಸ್ಕತ್ ಕಾರ್ಖಾನೆಯ ಯಜಮಾನರು ಕಾರಿನಿಂದಿಳಿದರು. ತಮ್ಮ ಅವರ ಕೈ ಹಿಡಿದುಕೊಂಡ.

"ಅಕ್ಕನ ಹಳೇ ಗಿರಾಕಿ ನೀವು. ನೀವೇ ನ್ಯಾಯ ಹೇಳಿ."

ಯಜಮಾನರು ಕತ್ತು ವಾಲಿಸಿ, ಜೋತುಬಿದ್ದ ಫ್ಲೆಕ್ಸನ್ನು ಪೂರ್ತಿ ಓದಿದರು.

"ಚೆನ್ನಾಗಿದೆ. ನನಗೆ ಹೀಗೇ ಇಷ್ಟ," ಎಂದರು. ತಮ್ಮನ ಮುಖ ಅರಳಿತು. "ಅಂದ್ಮೇಲೆ ಅವರಿಗೆ ಖಂಡಿತ ಹಿಡಿಸ್ತಿರ್ಲಿಲ್ಲ. ಇಳಿಸಮ್ಮಾ."

*

'ಖಾಲಿ ಮೇಡಂ' ಎಂದು ಅಡ್ಡಹೆಸರಿಟ್ಟವರು ಯಜಮಾನರೇ. ಮೊದಲ ಪ್ಯಾಕೆಟ್ಟಿನ ನಮೂನೆ ನೋಡಿ, "ಇಷ್ಟೊಂದು ಜಾಗ ಖಾಲಿ ಬಿಟ್ಟಿದ್ದೀರಲ್ಲ, ಅದಕ್ಕೂ ನಾನು ಕಾಸು ಕೊಡ್ಬೇಕಾ?" ಎಂದು ಕೇಳಿದ್ದರು.

"ಮುಖ್ಯವಾಗಿ ಅದಕ್ಕೇ," ಎಂದಿದ್ದರು ಮೇಡಂ, ತಲೆ ಎತ್ತದೆ.

ಆಮೇಲೆ ಜಗಳವಿಲ್ಲದೆ ಒಂದು ಪ್ಯಾಕೆಟ್ಟೂ ಹೊರಬರಲಿಲ್ಲ. ಯಾವಾಗಲೂ ಮೇಡಮ್ಮೇ ಗೆದ್ದರು ಎಂದೇನಿಲ್ಲ. ಅವರು ತಿಳಿಬೂದು ಅಕ್ಷರ ಹಾಕಿದಾಗ ಯಜಮಾನರು ಒಂದು ಮಬ್ಬುಗತ್ತಲೆಯ ಅಂಗಡಿಗೆ ಕರೆದೊಯ್ದು, "ಎಲ್ಲಿದೆ ಹುಡುಕಿ ನೋಡೋಣ," ಎಂದು ನಿಲ್ಲಿಸಿದ್ದರು. ಮೇಡಂಗೆ ಸಿಗಲಿಲ್ಲ. ಮರುದಿನ ಅಕ್ಷರ ಕಪ್ಪಾಗಿತ್ತು.

ಒಂದು ಸಲ ಮಾತ್ರ ಮಾತು ಮುರಿದೇ ಬಿತ್ತು. ದೊಡ್ಡ ಕಂಪನಿಯೊಂದರ ಬಿಸ್ಕತ್ತು ಭರ್ಜರಿಯಾಗಿ ಖರ್ಚಾಗುತ್ತಿತ್ತು. ಯಜಮಾನರಿಗೆ ಅದೇ ಕೆಂಪು, ಅದೇ ವೃತ್ತ, ಅಕ್ಷರಕ್ಕೆ ಅದೇ ಓರೆ ಬೇಕಾಯಿತು.

"ಸ್ವಲ್ಪ ಹಾಗೇ ಕಾಣ್ಲಿ, ಅಷ್ಟೇ."

"ಇನ್ನೊಬ್ಬರ ಮುಖ ಹಾಕ್ಕೊಂಡು ಬೀದಿಗೆ ಇಳಿಯೋದಾದ್ರೆ, ಬಣ್ಣ ಬಳಿಯೋಕೆ ಬೇರೆಯವರನ್ನ ನೋಡ್ಕೊಳ್ಳಿ."

"ನಿಮ್ಮ ಆಫೀಸು ನಡೀತಿರೋದೇ ನಮ್ಮ ಕೆಲಸದಿಂದ. ನೆನಪಿರ್ಲಿ."

"ನೆನಪಿದೆ. ಬಾಗಿಲು ಆ ಕಡೆ."

ಆ ವರ್ಷ ಕೈ ಬಿಗಿಯಾಯಿತು. ಅರ್ಧ ಕೋಣೆಯನ್ನು ದರ್ಜಿಯೊಬ್ಬನಿಗೆ ಬಾಡಿಗೆಗೆ ಬಿಟ್ಟರು. "ಇದೊಂದು ಸಲ ಒಪ್ಕೊಂಡುಬಿಡಿ ಮೇಡಂ," ಎಂದು ಸಹಾಯಕಿ ಗೋಗರೆದಳು. ಮೇಡಂ ಮೇಜನ್ನು ಗೋಡೆಗೆ ತಳ್ಳಿ, "ಕಾಲು ಮಡಚಿದ್ರೆ ಇಬ್ಬರೂ ಕೂರಬಹುದು, ಬಾ," ಎಂದರು.

ಕೊನೆಗೆ, ಬೇರೆಯವರಿಂದ ಆ ಕೆಂಪು ಪ್ಯಾಕೆಟ್ಟು ಮಾಡಿಸಿಕೊಂಡಿದ್ದ ಯಜಮಾನರೇ ಮೆಟ್ಟಿಲು ಹತ್ತಿಬಂದರು. ಮನೆಗೆ ಬಂದ ಬೀಗರಿಗೆ ತಮ್ಮದೇ ಬಿಸ್ಕತ್ತೆಂದು ಬಾಯ್ತುಂಬ ಹೊಗಳಿ ತಿನ್ನಿಸಿದ್ದರಂತೆ. ಪ್ಯಾಕೆಟ್ಟು ತಿರುಗಿಸಿ ನೋಡಿದರೆ ಆ ದೊಡ್ಡ ಕಂಪನಿಯದು.

"ನನ್ನ ಮಾಲು ನನಗೇ ಗುರುತು ಸಿಗ್ಲಿಲ್ಲ ಮೇಡಂ."

ಮೇಡಂ ನಗಲಿಲ್ಲ. ದರ್ಜಿಯ ಸ್ಟೂಲನ್ನು ಎಳೆದು ಕೊಟ್ಟರು. "ಕೂತ್ಕೊಳ್ಳಿ. ಎಲ್ಲಿಂದ ಶುರು ಮಾಡೋಣ?"

*

ಈಗ ಆ ಮೇಜಿನ ಮುಂದೆ ಸಹಾಯಕಿ ಕೂತಿದ್ದಳು, ಪಕ್ಕದಲ್ಲಿ ಯಜಮಾನರು. ಬಾಗಿಲಿಗೆ ಅಂಟಿಸುವ ಹೊಸ ಹಾಳೆಯಲ್ಲಿ ಒಂದು ಚಿತ್ರ, ಒಂದು ಹೆಸರು, ಇಷ್ಟೇ ಹಾಕುವುದೆಂದು ಅವಳು ತೀರ್ಮಾನಿಸಿದ್ದಳು. ಆರಿಸಿದ ಚಿತ್ರದಲ್ಲಿ ಮೇಡಂ ಹುಬ್ಬು ಗಂಟಿಕ್ಕಿ ಯಾರನ್ನೋ ದುರುಗುಟ್ಟಿ ನೋಡುತ್ತಿದ್ದರು.

"ಸತ್ತವರು ಸಿಟ್ಟಾಗಿರೋ ಫೋಟೋನ ಯಾರಾದ್ರೂ ಹಾಕ್ತಾರಾ?" ಎಂದ ತಮ್ಮ.

"ನಿಮ್ಮಕ್ಕ ಇದ್ದದ್ದೇ ಹೀಗೆ," ಎಂದರು ಯಜಮಾನರು. "ನಗ್ತಾ ಇದ್ರೆ ಬಂದವರು ಮನೆ ತಪ್ಪಾಯ್ತು ಅಂದ್ಕೊಂಡು ವಾಪಸ್ ಹೋಗ್ತಾರೆ."

ತಮ್ಮನಿಗೆ ನಗು ಬಂತು. ಅದರ ಬೆನ್ನಿಗೇ ಅಳು ಬಂತು. ಹೋಗಿ ಅಕ್ಕನ ಕಾಲ ಬಳಿ ಕೂತ.

"ಒಂದೇ ಒಂದು ಗುಲಾಬಿ?" ಎಂದರು ಯಜಮಾನರು.

"ಬೇಡ."

"ಹೆಸರಾದ್ರೂ ದೊಡ್ಡದು ಮಾಡು. ರಸ್ತೆ ಆಚೆಯಿಂದ ಕಾಣಬೇಡ್ವಾ?"

ಸಹಾಯಕಿ ಪ್ರಿಂಟನ್ನು ಬಾಗಿಲಿಗೆ ಅಂಟಿಸಿ, ರಸ್ತೆ ದಾಟಿ ನಿಂತು ನೋಡಿದಳು. ಯಜಮಾನರು ಹೇಳಿದ್ದು ನಿಜ. ಮೇಲೆ ಬಂದು ಹೆಸರನ್ನು ದೊಡ್ಡದು ಮಾಡಿದಳು. ಗೆದ್ದೆನೆಂದು ಯಜಮಾನರು ಮೀಸೆ ತಿರುವಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

ಹೊಸ ಹಾಳೆ ಬಾಗಿಲೇರಿದ ಮೇಲೆ ಮೇಡಮ್ಮನ್ನು ಸ್ಟ್ರೆಚರಿಗೆ ಎತ್ತಿದರು. ಮೆಟ್ಟಿಲು ಕಿರಿದು, ನಡುವೆ ಒಂದು ತಿರುವು. ಶವದ ಗಾಡಿಯ ಆಳುಗಳು ಮುಂದೆ ಬಂದರು. ಸಹಾಯಕಿ ಬಿಟ್ಟುಕೊಡಲಿಲ್ಲ. ತಲೆಯ ಕಡೆ ಅವಳು ಮತ್ತು ಯಜಮಾನರು, ಕಾಲ ಕಡೆ ತಮ್ಮ.

"ಎಡಕ್ಕೆ," ಎಂದರು ಯಜಮಾನರು ತಿರುವಿನಲ್ಲಿ.

"ಇಲ್ಲ, ಬಲಕ್ಕೆ."

"ನಿನ್ನ ಕಡೆ ಗೋಡೆ ತಾಗುತ್ತೆ ಕಣಮ್ಮಾ."

"ತಾಗಲ್ಲ. ಸ್ವಲ್ಪ ಮೇಲೆತ್ತಿ. ಹಾಂ. ಇನ್ನು ಒಂದು ಕೂದಲೆಳೆ ನಿಮ್ಮ ಕಡೆಗೆ."

"ಹೇಗೋ ತಿರುಗಿಸಿ ತನ್ನಿ, ಹೊತ್ತಾಯ್ತು," ಎಂದು ಕೆಳಗಿನಿಂದ ಗಾಡಿಯವನು ಕೂಗಿದ.

"ಹೇಗೋ ಆಗಲ್ಲ," ಎಂದರು ಇಬ್ಬರೂ ಒಟ್ಟಿಗೆ.

ಮೂವರೂ ಮಂಡಿ ಬಗ್ಗಿಸಿ, ಉಸಿರು ಬಿಗಿಹಿಡಿದು, ಆ ಕಡೆಯ ಗೋಡೆಗೂ ಈ ಕಡೆಯ ಗೋಡೆಗೂ ತಾಗದಂತೆ, ಒಂದಿಷ್ಟೂ ವಾಲದಂತೆ, ಅವರನ್ನು ತಿರುವು ದಾಟಿಸಿದರು.