ಅಳತೆ ಪುಸ್ತಕ ಕಸಿದುಕೊಂಡ ಮಗಳು

ಇದನ್ನು ಪೂರ್ತಿ ಕೇಳಿ, ನಡುವೆ ಎದ್ದು ಹೋಗಬೇಡಿ. ಅರ್ಧ ಕೇಳಿದರೆ ಮಗಳು ಮಾಡಿದ್ದೇ ಸರಿ ಅನ್ನಿಸಿಬಿಡುತ್ತದೆ.

ಅಪ್ಪ ಆ ಹೊಲಿಗೆ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಕಟಿಂಗ್ ಮಾಸ್ಟರ್. ಮಗಳು ಅಲ್ಲೇ ಕಿಟಕಿ ಪಕ್ಕದ ಮಷಿನ್‌ನಲ್ಲಿ ಹೊಲಿಯುತ್ತಿದ್ದಳು. ಈಚೆಗೆ ಅಪ್ಪ ಕಿವಿಗೆ ಸಿಕ್ಕಿಸಿಕೊಂಡ ಪೆನ್ಸಿಲನ್ನೇ ಅಂಗಡಿಯೆಲ್ಲ ಹುಡುಕುತ್ತಿದ್ದ, ಆಗತಾನೆ ಕುಡಿದ ಚಹಾವನ್ನು ಮತ್ತೆ ಕೇಳುತ್ತಿದ್ದ. ಮಾಲೀಕನ ಕಣ್ಣಿಗೆ ಬಿದ್ದರೆ ಅಪ್ಪನ ಕತ್ತರಿ ಕೈತಪ್ಪಿದಂತೆಯೇ ಎಂದು ಅವಳೇ ಪೆನ್ಸಿಲು ತೆಗೆದು ಅವನ ಕೈಗಿಡುತ್ತಿದ್ದಳು.

ಅಷ್ಟರಲ್ಲಿ ಯಾವುದೋ ಭಾಷಣ ಕೇಳಿ ಬಂದಳು. ಮೆದುಳಿಗೂ ಮೈಯ ಹಾಗೆ ದಿನಾ ವ್ಯಾಯಾಮ ಬೇಕಂತೆ. ಸರಿ, ಮರುದಿನವೇ ಶುರು: ಎಡಗೈಯಲ್ಲಿ ಹಲ್ಲುಜ್ಜು, ನೂರರಿಂದ ಏಳೇಳು ಕಳೆಯುತ್ತಾ ಬಾ. ಕೊನೆಗೆ ಅಂಗಡಿಯ ದಪ್ಪ ಅಳತೆ ಪುಸ್ತಕಕ್ಕೇ ಕೈ ಹಾಕಿದಳು.

"ಇನ್ಮೇಲೆ ಬರ್ಕೊಳ್ಳೋ ಹಾಗಿಲ್ಲಪ್ಪ. ಎಲ್ಲಾ ತಲೇಲೇ ಇಟ್ಕೋಬೇಕು."

"ಅದೊಂದು ಬಿಡೇ ತಾಯಿ. ಬೇಕಿದ್ರೆ ಸಾವಿರದಿಂದ ಕಳೀತೀನಿ."

ಪುಸ್ತಕ ಅವಳ ಚೀಲ ಸೇರಿತು. ಸಂಜೆ ಮನೆಗೆ ನಡೆಯುತ್ತಾ ಪರೀಕ್ಷೆ.

"ಡ್ರಿಲ್ ಮೇಷ್ಟ್ರ ಕೋಟು?"

"ಎದೆ ಮೂವತ್ತಾರು, ಸೊಂಟ ಮೂವತ್ತು. ಎಡಭುಜ ಚೂರು ಇಳಿದಿದೆ."

ಒಂದೂ ತಪ್ಪಿಲ್ಲ! ಅವಳು ಉಬ್ಬಿಹೋದಳು. ಕೇಳಿದ್ದೆಲ್ಲ ಇಪ್ಪತ್ತು ವರ್ಷ ಹಿಂದಿನ ಪುಟಗಳು ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಈಗ ತೆಗೆದ ಅಳತೆ ಯಾವ ಪುಟದಲ್ಲೂ ಇಲ್ಲವಲ್ಲ, ಕೇಳುವುದಾದರೂ ಹೇಗೆ?

ಅದೇ ಡ್ರಿಲ್ ಮೇಷ್ಟ್ರು ಹೊಸ ಕೋಟಿಗೆ ಅಳತೆ ಕೊಟ್ಟು, ಎರಡು ವಾರ ಬಿಟ್ಟು ಟ್ರಯಲ್‌ಗೆ ಬಂದರು. ತೊಟ್ಟು ನೋಡಿದರೆ ಮುಂದಿನ ಎರಡು ಅಂಚಿನ ನಡುವೆ ಒಂದು ಗೇಣು ಹೊಟ್ಟೆ.

"ಏನ್ ಮಾಸ್ಟ್ರೇ, ನನ್ ಮೊಮ್ಮಗನಿಗೆ ಹೊಲಿದ್ರಾ?"

ಅಂಗಡಿಯೇ ಬಿದ್ದು ಬಿದ್ದು ನಕ್ಕಿತು. ಅಪ್ಪ ಮಾತ್ರ ಎದೆಯುಬ್ಬಿಸಿ, "ಎದೆ ಮೂವತ್ತಾರು, ಸರಿಯಾಗೇ ಕತ್ತರಿಸಿದೀನಿ" ಎಂದ.

ಮೇಷ್ಟ್ರು ತೋಳು ಸವರಿಕೊಂಡರು. "ನಮ್ಮನೆಯವಳು ತೀರ್ಕೊಳ್ಳೋ ಮುಂಚೆ ಆರಿಸಿಟ್ಟ ಬಟ್ಟೆ ಇದು. ಇನ್ನೆಲ್ಲಿ ತರಲಿ?"

ನಗು ಉಡುಗಿತು. ಮಾಲೀಕ ಎದ್ದು ಬಂದ. "ಪುಸ್ತಕ ಎಲ್ಲಿ?"

"ನಾನೇ ಬೇಡ ಅಂದೆ ಸಾರ್" ಎಂದ ಅಪ್ಪ, ಮಗಳತ್ತ ತಿರುಗದೆ.

ಮಾಲೀಕ ಅವಳನ್ನು ಕೇಳಿದ, "ಹೌದೇನಮ್ಮಾ? ಇವರ ಕೆಲಸ ಅಂತೂ ಇವತ್ತಿಗೆ ಮುಗೀತು. ಬೇರೆ ಯಾರಾದ್ರೂ ಎತ್ತಿಟ್ಟಿದ್ರೆ ಅವ್ರಿಗೂ ಇವತ್ತೇ ಬಾಗಿಲು ತೋರಿಸ್ತೀನಿ."

ಇಬ್ಬರ ಕೆಲಸವೂ ಹೋದರೆ ಮನೆಯ ಒಲೆ ಉರಿಯುವುದು ಹೇಗೆ? "ಹೌದು ಸಾರ್, ಅಪ್ಪನೇ" ಎಂದಳು. ಅಪ್ಪ ಕತ್ತರಿ ಇಟ್ಟು, ಚಪ್ಪಲಿ ಮೆಟ್ಟಿ ಹೊರಟ.

ಸಂಜೆ ಅವಳು ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದ. ಕಣ್ಣು ಕೆಂಪಾಗಿತ್ತು.

"ಎಂಥಾ ಸೊಕ್ಕು ನಂದು ಮಗಳೇ! ಬರ್ಕೋ ಅಪ್ಪ, ಬರ್ಕೋ ಅಂತ ನೀನು ಬಡ್ಕೊಂಡೆ. ನಾನೇ ಕೇಳಲಿಲ್ಲ. ತಪ್ಪಾಯ್ತು ಕಣೇ."

ಮಗಳನ್ನು ಉಳಿಸಲು ಬೆಳಿಗ್ಗೆ ಹೇಳಿದ ಸುಳ್ಳು ಸಂಜೆಯ ಹೊತ್ತಿಗೆ ಅವನಿಗೆ ನಿಜವಾಗಿಬಿಟ್ಟಿತ್ತು.

"ಹೋಗ್ಲಿ ಬಿಡಪ್ಪ" ಎಂದು ಒಳಗೆ ನಡೆದಳು.

ಅವಳ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?