ಒಳಗೆ ಬಾ ಮಹಾರಾಯ್ತಿ

ಇದು ನಿಜವಾಗಿ ನಡೆದ ಕಥೆ. ನಡೆದದ್ದು ಕಥೆ ಮಾತ್ರ; ಕಥೆಯೊಳಗಿನ ಕುದುರೆ ಒಂದು ಹೆಜ್ಜೆಯೂ ನಡೆಯಲೊಲ್ಲೆ ಎಂದು ಹಟ ಹಿಡಿದಿತ್ತು.

ನನ್ನ ಸೋದರಮಾವ ರೇಸ್‌ ಕುದುರೆಗಳ ತರಬೇತುದಾರರು. ಹರೆಯದಲ್ಲಿ ಜಾಕಿಯಾಗಲೆಂದು ಲಾಯ ಸೇರಿದವರು. ಓಟದ ಮೇಲೆ ಎಷ್ಟು ಪ್ರೀತಿಯೋ ಊಟದ ಮೇಲೂ ಅಷ್ಟೇ. ತೂಕದ ಯಂತ್ರ ಮುಖಕ್ಕೆ ಹೊಡೆದಂತೆ ಸತ್ಯ ಹೇಳಿದ ಮೇಲೆ, ಕುದುರೆಯ ಬೆನ್ನಿನಿಂದ ಇಳಿದು ಬೆನ್ನು ತಿಕ್ಕಲು ನಿಂತರು. ಲದ್ದಿ ಬಾಚಿ, ಗೊರಸು ಕೆರೆದು, ಓಟಕ್ಕೆ ಬೇಕಾದ ಓಟ್ಸ್‌ ಅಳೆದು, ಕೊನೆಗೊಂದು ದಿನ ಸ್ವಂತ ಲೈಸೆನ್ಸ್‌ ಪಡೆದರು. ಕುದುರೆಯ ಮೊಣಕಾಲ ಕೆಳಗೆ ಅಂಗೈಯಿಟ್ಟು ಬಿಸಿಯಾಗಿದೆಯೇ ಎಂದು ನೋಡುವಾಗ ಅವರದು ಜ್ವರದ ಮಗುವಿನ ಹಣೆ ಮುಟ್ಟುವ ತಾಯಿಯ ಮುಖ. ಬಾಯಿ ಬಿಟ್ಟರೆ ಮಾತ್ರ ಗುಡುಗು.

"ಯಾರೋ ಅದು ಬಕೆಟ್‌ ಒದ್ದಿದ್ದು? ಕುದುರೆನಾ, ಕತ್ತೆನಾ?"

ಕತ್ತೆಯೆಂದರೆ ನಾನು. ಕಾಲೇಜಿಗೆಂದು ಅವರ ಮನೆಯಲ್ಲಿದ್ದ ನಾನು ಈ ಗುಡುಗನ್ನು ಅನುಕರಿಸಿಯೇ ವೇದಿಕೆಯ ಮೇಲೆ ಬಹುಮಾನ ಗಿಟ್ಟಿಸಿದ್ದೆ.

ಅವರ ಲಾಯದಲ್ಲೊಂದು ಕಂದು ಹೆಣ್ಣುಕುದುರೆ. ಬಿಂಕ ಬಹಳವೆಂದು ಬಿಂಕಿ ಎನ್ನುತ್ತಿದ್ದೆವು. ಗಾಳಿಯಂತೆ ಓಡುವಳು, ಆದರೆ ಓಟ ಶುರುವಾಗುವ ಗೇಟಿನ ಕಬ್ಬಿಣದ ಗೂಡು ಕಂಡರೆ ನಾಲ್ಕೂ ಕಾಲು ನೆಟ್ಟು ನಿಲ್ಲುವಳು. ಮಾವ ಕಿವಿಯಲ್ಲಿ ಏನೋ ಉಸುರಿದರೆ ಮಾತ್ರ ಒಳಗೆ ಹೆಜ್ಜೆ. ಆ ಮಾತು ಏನೆಂದು ಅವರು ಯಾರಿಗೂ ಹೇಳಿದವರಲ್ಲ. ಕುದುರೆ ಕುದುರಿಸುವ ಮಂತ್ರ ಎಂದು ನಾನೇ ಹೆಸರಿಟ್ಟಿದ್ದೆ.

ಅಷ್ಟರಲ್ಲಿ ಮಾವನ ಗಂಟಲಲ್ಲಿ ಗಂಟು ಕಾಣಿಸಿಕೊಂಡು ಶಸ್ತ್ರಚಿಕಿತ್ಸೆಯಾಯಿತು. ಮಾತಾಡಬಾರದೆಂಬ ಗಡುವು ಮುಗಿದರೂ, ಬಾಯಿ ತೆರೆದರೆ ಬರೀ ಗಾಳಿ.

"ದನಿ ಬರುತ್ತೆ, ಅವಸರ ಬೇಡ," ಎಂದರು ವೈದ್ಯರು.

ಬಿಂಕಿಗೆ ಅವಸರವಿತ್ತು. ಮಾವನ ದನಿಯಿಲ್ಲದೆ ಅವಳು ರೇಸಿನ ದಿನವೇ ಗೇಟಿನ ಮುಂದೆ ಮುಷ್ಕರ ಹೂಡಿದ್ದಳು. ಇನ್ನು ಉಳಿದದ್ದು ರೇಸಿನವರು ಇಡುವ ಗೇಟಿನ ಪರೀಕ್ಷೆಯೊಂದೇ, ಅದರಲ್ಲೂ ಒಳಗೆ ಹೋಗದಿದ್ದರೆ ಅವಳನ್ನು ಮತ್ತೆಂದೂ ಓಡಿಸುವಂತಿಲ್ಲ. ಓಡದ ಕುದುರೆಯನ್ನು ಮಾಲೀಕರು ಇಟ್ಟುಕೊಳ್ಳುವವರಲ್ಲ. ಮಾವನಿಗೆ ಊಟ ಸೇರದಾಯಿತು. ನಮ್ಮ ಮನೆಯಲ್ಲಿ ಇದಕ್ಕಿಂತ ಅಪಾಯದ ಲಕ್ಷಣ ಬೇರೆಯಿಲ್ಲ.

ಪರೀಕ್ಷೆಯ ಬೆಳಿಗ್ಗೆ, ಎಂದೂ ರೇಸ್‌ ಮೈದಾನದ ಕಡೆ ತಲೆ ಹಾಕದ ಅತ್ತೆಯೂ ಫ್ಲಾಸ್ಕ್‌ ಹಿಡಿದು ಬಂದು ಕಟಕಟೆಯ ಹೊರಗೆ ನನ್ನ ಪಕ್ಕ ನಿಂತರು. ಮಾವ ಬಿಂಕಿಯ ಕಿವಿಗೆ ಬಾಯಿಟ್ಟರು. ಬರೀ ಗಾಳಿ ಬುಸ್ಸೆಂದಿತು. ಹಾವೆಂದುಕೊಂಡಳೋ ಏನೋ, ಹಿಂದಕ್ಕೆ ಹಾರಿದಳು. ಮಾವನ ಸಹಾಯಕ ಲಗಾಮು ಎಳೆದ, ಹಿಂದಿನಿಂದ ತಳ್ಳಿದ, ಕ್ಯಾರೆಟ್‌ ಹಿಡಿದ. ಬಿಂಕಿ ಕ್ಯಾರೆಟ್‌ ತಿಂದಳು, ಕ್ಯಾರೇ ಅನ್ನಲಿಲ್ಲ.

ನಾನು ಮಾವನ ಗುಡುಗು ತೆಗೆದೆ. "ಹೂಂ, ನಡೀ! ಯಾರಪ್ಪನ ಗಂಟು ಹೋಗುತ್ತೆ?"

ಸಹಾಯಕ ಬೆಚ್ಚಿ ನೆಟ್ಟಗೆ ನಿಂತ. ಬಿಂಕಿ ತಿರುಗಿ ನನಗೆ ಬಾಲ ತೋರಿಸಿದಳು.

"ಇನ್ನೊಂದೇ ಸಲ," ಎಂದರು ಪರೀಕ್ಷೆಯ ಅಧಿಕಾರಿ. "ಆಮೇಲೆ ನನ್ನನ್ನ ಬೈಕೋಬೇಡಿ."

"ಮಾವ, ಕಿವೀಲಿ ಏನಂತಿದ್ರಿ? ತುಟಿ ಆಡಿಸಿ ಸಾಕು, ನಾನಂತೀನಿ!"

ಮಾವ ಆಗುವುದಿಲ್ಲವೆಂದು ತಲೆಯಾಡಿಸಿದರು. ಅತ್ತೆಯ ಕಡೆ ಒಂದು ಕಳ್ಳನೋಟ ಬೀರಿದರು. ಮಾವನ ಕಿವಿ ಕೆಂಪಾಯಿತು.

ಮಂತ್ರ ಹೊಳೆದುಬಿಟ್ಟಿತು! ಅತ್ತೆ ಮುನಿಸಿಕೊಂಡು ಹಿತ್ತಿಲ ಮೆಟ್ಟಿಲ ಮೇಲೆ ಕೂತಾಗಲೆಲ್ಲ, ಮಾವ ಬಾಗಿಲಲ್ಲಿ ನಿಂತು ಒಂದು ದನಿ ತೆಗೆಯುತ್ತಾರೆ. ಅದು ಗುಡುಗಲ್ಲ, ಬೆಣ್ಣೆ. ಪಕ್ಕದ ಕೋಣೆಯಲ್ಲಿ ಓದುವ ನಾಟಕವಾಡುವ ನನಗೆ ಅದು ಪಾಠಕ್ಕಿಂತ ಚೆನ್ನಾಗಿ ಬಾಯಿಪಾಠ. ಸಹಾಯಕನಿಗೆ ಮೆಲ್ಲಗೆ ಹೇಳಿ, ಬಿಂಕಿಯ ಹತ್ತಿರ ಹೋಗಿ ಪಿಸುಗುಟ್ಟಬಹುದಿತ್ತು. ಆದರೆ ಅತ್ತೆ ಪಕ್ಕದಲ್ಲೇ ಇರುವಾಗ ಅಂಥ ಅವಕಾಶ ಬಿಡುವುದುಂಟೇ? ಕಂಠ ಬಿಚ್ಚಿದೆ.

"ಎಲ್ಲಾ ನಂದೇ ತಪ್ಪು ಮಹಾರಾಯ್ತಿ... ನಿನ್ನ ಬಿಟ್ರೆ ನಂಗ್ಯಾರಿದಾರೆ? ಒಳಗ್‌ ಬಾರೇ."

ಬಿಂಕಿಯ ಕಿವಿಗಳು ನಿಮಿರಿದವು. ಉದ್ದನೆಯದೊಂದು ಉಸಿರು ಬಿಟ್ಟು, ತಲೆ ತಗ್ಗಿಸಿ, ಅಂತೂ ಒಪ್ಪಿಕೊಂಡೆ ಎನ್ನುವಂತೆ ಗೂಡಿನೊಳಗೆ ನಡೆದಳು. ಹಿಂದಿನ ಬಾಗಿಲು ಮುಚ್ಚಿತು, ಮುಂದಿನದು ತೆರೆಯಿತು, ಬಾಣದಂತೆ ಚಿಮ್ಮಿದಳು.

"ಪಾಸ್‌!" ಎಂದರು ಅಧಿಕಾರಿ.

ಅತ್ತೆ ಫ್ಲಾಸ್ಕ್‌ ಕೆಳಗಿಟ್ಟು ಸೊಂಟಕ್ಕೆ ಕೈಯಿಟ್ಟರು. "ಓಹೋ! ನನಗೂ ಕುದುರೆಗೂ ಒಂದೇ ಡೈಲಾಗಾ ರೀ? ಮೊದಲು ಯಾರಿಗೆ ಹೇಳಿದ್ದು, ಅದನ್ನಾದ್ರೂ ಹೇಳಿ!"

ಮಾವ ಗಾಬರಿಯಲ್ಲಿ ಬಿಂಕಿ ಹೋದ ದಿಕ್ಕಿಗೆ ಬೆರಳು ತೋರಿಸಿ, ತಕ್ಷಣ ಅದನ್ನು ಅತ್ತೆಯ ಕಡೆ ತಿರುಗಿಸಿದರು.

"ಅವಳು ನಂಬ್ಕೊಂಡು ಒಳಗೆ ಹೋದ್ಲು ನೋಡಿ," ಅತ್ತೆ ಅಧಿಕಾರಿಗೆ ಹೇಳಿದರು. "ಪಾಪ, ನನ್ನಷ್ಟು ಅನುಭವ ಇಲ್ಲ."

ಸಹಾಯಕ ಕಿಸಕ್ಕೆಂದ. ಅಧಿಕಾರಿ ಮುಖ ತಿರುಗಿಸಿಕೊಂಡರು. ಮಾವನ ಹೊಟ್ಟೆ ಕುಲುಕತೊಡಗಿತು. ಮೊದಲು ಗಾಳಿ, ಆಮೇಲೆ ತುಕ್ಕು ಹಿಡಿದ ಬಾಗಿಲಿನಂತೆ ಕಿರುಗುಟ್ಟುವ ಸದ್ದು, ಆಮೇಲೆ ಗುಡುಗು! ಅತ್ತೆಯ ಕೈ ಸೊಂಟದಿಂದ ಬಾಯಿಗೆ ಹೋಯಿತು, ಕಣ್ಣು ತುಂಬಿತು. ದೂರದಲ್ಲಿ ಬಿಂಕಿ ಓಟ ನಿಲ್ಲಿಸಿ ತಿರುಗಿ ನೋಡಿದಳು.

"ಕತ್ತೆ!" ಎಂದು ನನ್ನತ್ತ ಕೈ ಮಾಡಿ ಕೂಗಿದ ಮಾವ, ನಮ್ಮೆಲ್ಲರ ನಗು ಮುಳುಗಿಹೋಗುವಷ್ಟು ಜೋರಾಗಿ ನಕ್ಕರು.